ಗಡಿಯಲ್ಲಿ ತಿರುಗುವ ಬಸ್ಸು

ಬೆಳಕು ಇನ್ನೂ ಹರಿದಿಲ್ಲ. ವರ್ನಾ ಕಾಡಿಲ್ ಶಾಲಾ ಬಸ್ಸಿನ ಮುಂಗಾಜಿಗೆ ಅಂಟಿದ ಮಂಜಿನ ಪೊರೆಯನ್ನು ಪ್ಲಾಸ್ಟಿಕ್ ಸಟ್ಟುಗದಿಂದ ಕೆರೆಯುತ್ತಿದ್ದಾರೆ. ಕೆರೆಯಲೆಂದು ಕೊಟ್ಟಿದ್ದ ಸಾಮಾನು ಹೋದ ಚಳಿಗಾಲದಲ್ಲೇ ಮುರಿದಿದೆ. ಹೊಸದನ್ನು ಕೇಳಿ ಕೇಳಿ ಬಾಯಿ ನೋವು ಬಂದ ಮೇಲೆ ಅವರು ಅಡುಗೆಮನೆಯಿಂದ ಇದನ್ನು ತಂದುಕೊಂಡಿದ್ದಾರೆ.

"ಕೆಂಟಕಿ ಸರ್ಕಾರ ನನಗೆ ಕೊಟ್ಟಿರೋ ಸೌಲಭ್ಯ ನೋಡಿ," ಎಂದು ತಮ್ಮ ಬಗ್ಗೆ ಬರೆಯಲು ಬಂದವರಿಗೆ ಸಟ್ಟುಗ ಎತ್ತಿ ತೋರಿಸುತ್ತಾರೆ. "ಇದರಲ್ಲೇ ಮೊಟ್ಟೆ ಮಗುಚ್ತೀನಿ ಅಂತ ಮಾತ್ರ ಬರೀಬೇಡಿ. ಡಾರೆಲ್ ತಿಂಡಿ ಬಿಟ್ಬಿಡ್ತಾನೆ."

ಡಾರೆಲ್ ಅವರ ಗಂಡ. ಕೆಲಸಕ್ಕಿದ್ದ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಮನೆಯ ಜಗುಲಿಯಲ್ಲಿ ಕೂತು ಊರವರ ಮರ ಕೊಯ್ಯುವ ಯಂತ್ರ ರಿಪೇರಿ ಮಾಡುತ್ತಾನೆ. ಅವನು ಇನ್ನೂ ಮಲಗಿದ್ದಾನೆ. ಬಸ್ಸು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಸ್ಟಾರ್ಟ್ ಆಗಿ, ಸ್ಪೈಸ್‌ವುಡ್ ಕೊಳ್ಳದ ಏರು ಹಿಡಿಯುತ್ತದೆ.

ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಹಳ್ಳ, ನಡುವೆ ಒಂದೇ ಬಸ್ಸಿಗೆ ಸಾಕಾಗುವಷ್ಟು ರಸ್ತೆ. ಇಷ್ಟುದ್ದದ ಗಾಡಿಯನ್ನು ತಿರುಗಿಸಲು ಕೆಂಟಕಿಯ ಕಡೆ ಎಲ್ಲಿಯೂ ಜಾಗವಿಲ್ಲ. ಹಾಗಾಗಿ ವರ್ನಾ ದಿನಾ ಬೆಳಿಗ್ಗೆ ನೆತ್ತಿಯವರೆಗೆ ಹತ್ತಿ, ಗಡಿ ದಾಟಿ, ವರ್ಜೀನಿಯಾದ ನೆಲದಲ್ಲಿರುವ ಪುಟ್ಟ ಚರ್ಚಿನ ಅಂಗಳದಲ್ಲಿ ಬಸ್ಸು ತಿರುಗಿಸಿಕೊಂಡು ವಾಪಸು ತವರು ರಾಜ್ಯಕ್ಕೆ ಇಳಿಯಬೇಕು. ಇಪ್ಪತ್ತಮೂರು ವರ್ಷದಿಂದ ಇದೇ ನಡೆದಿದೆ.

ನೆತ್ತಿಗೆ ಮುಂಚಿನ ಕೊನೆಯ ಮನೆಯಲ್ಲಿ ಮ್ಯಾಸಿ ಹತ್ತುತ್ತಾಳೆ. ಏಳು ವರ್ಷದ ಹುಡುಗಿ, ಅಜ್ಜಿಯ ಜೊತೆ ಇದ್ದಾಳೆ. ಚಳಿಯಲ್ಲಿ ನಿಂತು ಕಾಯುವುದು ಬೇಡವೆಂದು ವರ್ನಾ ಅವಳನ್ನು ಮೇಲೆ ಹೋಗುವಾಗಲೇ ಕೂರಿಸಿಕೊಳ್ಳುತ್ತಾರೆ. ಗಡಿಯ ಹತ್ತಿರ ಕೆಂಟಕಿಯ ಒಡಕು ಟಾರು ಮುಗಿದು ವರ್ಜೀನಿಯಾದ ಹೊಸ ಟಾರು ಶುರುವಾಗುವಲ್ಲಿ ಚಕ್ರ ದಡಕ್ಕೆನ್ನುತ್ತದೆ. ಮ್ಯಾಸಿ ಎರಡೂ ಕಾಲುಗಳನ್ನು ಸೀಟಿನ ಎತ್ತರಕ್ಕೆ ಎತ್ತಿ ಕಣ್ಣು ಮುಚ್ಚುತ್ತಾಳೆ. ರಾಜ್ಯದ ಗಡಿ ದಾಟುವಾಗ ಕಾಲು ನೆಲಕ್ಕೆ ತಾಗಿರಬಾರದು, ಎತ್ತಿಕೊಂಡು ಏನಾದರೂ ಬೇಡಿಕೊಂಡರೆ ಅದು ಆಗುತ್ತದೆ ಎನ್ನುವುದು ಇಲ್ಲಿನ ಮಕ್ಕಳ ನಂಬಿಕೆ.

"ಏನು ಕೇಳ್ಕೊಂಡ್ಯೇ ಪುಟ್ಟಿ?"

"ಹೇಳಿದ್ರೆ ಆಗಲ್ಲ ಮಿಸ್ ವರ್ನಾ. ನೀವೂ ಎತ್ತಿ."

"ನಾನು ಕಾಲೆತ್ತಿದ್ರೆ ಎಲ್ರೂ ಸೀದಾ ಹಳ್ಳಕ್ಕೇ ಹೋಗ್ತೀವಿ, ಸುಮ್ನೆ ಕೂತ್ಕೊ."

ಚರ್ಚಿನ ಅಂಗಳದಲ್ಲಿ ಇನ್ನೊಂದು ಹಳದಿ ಬಸ್ಸು ಮೊದಲೇ ನಿಂತಿದೆ. ಅದು ವರ್ಜೀನಿಯಾದ್ದು, ಆ ಮಗ್ಗುಲಿನಿಂದ ಹತ್ತಿ ಬಂದು ಇಲ್ಲೇ ತಿರುಗುತ್ತದೆ. ಅದರ ಚಾಲಕ ವೆಂಡಲ್ ಮುಲಿನ್ಸ್ ಕಿಟಕಿ ಸರಿಸಿ, ಹೆಂಡತಿ ಕರಿದು ಕೊಟ್ಟ ಸೇಬಿನ ಕಡುಬನ್ನು ಕಾಗದದಲ್ಲಿ ಸುತ್ತಿ ಕೈ ಚಾಚುತ್ತಾನೆ. ವರ್ನಾ ಜೋಳದ ರೊಟ್ಟಿಯ ತುಂಡು ಕೊಡುತ್ತಾರೆ.

"ಏನಮ್ಮ ಕೆಂಟಕಿ, ಇನ್ನೂ ನಿದ್ದೇಲಿದೀಯ?"

"ನಿದ್ದೆ ಮಾಡೋಕೆ ನಮ್ಮ ರಸ್ತೆ ಬಿಡ್ಬೇಕಲ್ಲ ವರ್ಜೀನಿಯಾ. ನಿನ್ನ ಹಾಗೆ ತೊಟ್ಟಿಲಲ್ಲಿ ಕೂತು ಬರ್ತೀನಾ?"

ವೆಂಡಲ್ ಕ್ರಿಸ್ಮಸ್‌ಗೆ ನಿವೃತ್ತನಾಗುತ್ತಿದ್ದಾನೆ. ಅವನ ಕೆಲಸ ವರ್ನಾಗೆ ಬಂದಿತ್ತು. ಅರ್ಜಿ ಹಾಕಿದ್ದೂ ಅವರೇ, ಆರಿಸಿದ್ದೇವೆ ಎಂಬ ಫೋನು ಬಂದ ದಿನ ರಾತ್ರಿಯೆಲ್ಲಾ ಕಣ್ಣು ಬಿಟ್ಟುಕೊಂಡು ಮಲಗಿದ್ದೂ ಅವರೇ. ಸಂಬಳ ಹೆಚ್ಚು, ಹಿಮ ಬಿದ್ದರೆ ಅದು ಕರಗಲೆಂದು ಬೆಳಗಾಗುವ ಮೊದಲೇ ರಸ್ತೆಗೆ ಉಪ್ಪು ಹಾಕುತ್ತಾರೆ, ನಲ್ಲಿಯಲ್ಲಿ ಕಂದು ನೀರು ಬರುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಬೆಟ್ಟ ಒಂದೇ, ಅದರ ಆ ಮೈ ನಿಜವಾಗಿಯೂ ನುಣ್ಣಗಿದೆ. ಷರತ್ತು ಒಂದೇ, ಆ ಜಿಲ್ಲೆಯಲ್ಲೇ ಮನೆ ಮಾಡಬೇಕು. ಸೋಮವಾರದೊಳಗೆ ಹೂಂ ಅಥವಾ ಉಹೂಂ ಅನ್ನಬೇಕಿತ್ತು.

ವರ್ನಾ ಹುಟ್ಟಿದ್ದು ಈ ಕೊಳ್ಳದಲ್ಲೇ. ಅವರು ಓದಿದ ಶಾಲೆ ಕೊಳ್ಳದ ಬಾಯಲ್ಲಿತ್ತು. ಈಗ ಅದು ರಸ್ತೆ ಇಲಾಖೆಯ ಉಪ್ಪಿನ ಉಗ್ರಾಣ. "ಉಪ್ಪು ಇದೆ, ರಸ್ತೆಗೆ ಮಾತ್ರ ಬರಲ್ಲ," ಎನ್ನುತ್ತಾರೆ. ಮಕ್ಕಳು ಈಗ ಒಂದು ಗಂಟೆ ಬಸ್ಸಿನಲ್ಲಿ ಕುಲುಕಾಡಿ ಪಟ್ಟಣದ ಶಾಲೆಗೆ ಹೋಗಬೇಕು. ಒಂದು ಕಾಲದಲ್ಲಿ ಸೀಟಿಗೆ ಮೂವರಂತೆ ತುರುಕಿದರೂ ಜಾಗ ಸಾಲದ ಬಸ್ಸು. ಈಗಿರುವುದು ಹದಿನಾಲ್ಕು ಮಕ್ಕಳು. ಒಂದು ಮನೆ ಟೆನೆಸಿಗೆ, ಒಂದು ಮನೆ ಒಹಾಯೊಗೆ ಎಂದು ಖಾಲಿಯಾದ ಹಾಗೆಲ್ಲ ನಿಲ್ಲಿಸಬೇಕಾದ ಜಾಗಗಳೂ ಕಡಿಮೆಯಾಗಿವೆ. ಕಾಲು ಮಾತ್ರ ಹಳೆಯ ಚಾಳಿಯಿಂದ ಬ್ರೇಕಿನ ಮೇಲೆ ಹೋಗುತ್ತದೆ.

ಮದುವೆಯಾದ ಹೊಸದರಲ್ಲಿ ಅವರೂ ಡಾರೆಲ್ಲನೂ ಒಹಾಯೊಗೆ ಹೋಗಿ ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು ಬಂದವರೇ.

"ಅಲ್ಲಿ ನಾನು ಬಾಯಿ ಬಿಟ್ರೆ ನಗೋರು. ಒಬ್ಬಳು, ನಿಮ್ಮ ಕೆಂಟಕೀಲಿ ಚಪ್ಪಲಿ ಹಾಕ್ತಾರಾ ಅಂದ್ಲು. ಹಾಕ್ತೀವಿ, ಕೈಯಲ್ಲೂ ಹಿಡ್ಕೋತೀವಿ, ತೋರಿಸ್ಲಾ ಅಂದೆ." ನಗುತ್ತಾರೆ, ಆದರೆ ನಗು ಬೇಗ ಇಳಿಯುತ್ತದೆ. "ನಮ್ಮ ರಾಜ್ಯನ ನಾನು ಬೆಳಗಿಂದ ಸಂಜೆವರೆಗೂ ಬೈತೀನಿ. ಬೇರೆಯವ್ರು ಬೈದ್ರೆ ಮೈ ಉರಿಯುತ್ತೆ. ಗಂಡನ ವಿಷಯಾನೂ ಹಂಗೇ ಅಲ್ವಾ?"

ಆ ಗಂಡನನ್ನು ಕೇಳಿದರೆ ಸಿಕ್ಕ ಉತ್ತರ: "ಹೋಗೋಣ ಅಂದ್ರೆ ಹೋಗೋಣ, ಇರೋಣ ಅಂದ್ರೆ ಇರೋಣ. ಬೀನ್ಸ್ ಕಾಳು ಬೆಂತಾ?"

ಶುಕ್ರವಾರ ಮಧ್ಯಾಹ್ನ ವರ್ನಾ ಕೆಂಟಕಿಯ ತಮ್ಮದೇ ಶಾಲಾ ಬಸ್ಸಿನ ಕಚೇರಿಗೆ ಫೋನು ಮಾಡಿದರು. ನಾನೇನಾದರೂ ಹುಷಾರು ತಪ್ಪಿದರೆ ಈ ಕೊಳ್ಳಕ್ಕೆ ಯಾರು ಬರುತ್ತಾರೆ ಎಂದು, ಏನೂ ಅರಿಯದವರ ಹಾಗೆ ಕೇಳಿದರು. ಆ ಕಡೆಯ ಹೆಣ್ಣುಮಗಳು ಒಳ್ಳೆಯವಳೇ, ಸುಳ್ಳು ಹೇಳಲಿಲ್ಲ. "ಆ ರಸ್ತೇಲಿ ಯಾರು ಬರ್ತಾರೆ ವರ್ನಾ? ಬಸ್ಸು ಕೊಳ್ಳದ ಬಾಯಲ್ಲೇ ನಿಲ್ಲುತ್ತೆ. ಮಕ್ಕಳನ್ನ ಮನೆಯವ್ರೇ ಅಲ್ಲಿಗೆ ತಂದು ಬಿಡ್ಬೇಕು."

ಕೊಳ್ಳದ ಬಾಯಿಗೂ ಮ್ಯಾಸಿಯ ಮನೆಗೂ ನಡುವೆ ಆರು ಮೈಲಿ. ಮ್ಯಾಸಿಯ ಅಜ್ಜಿಗೆ ಕಾರಿಲ್ಲ, ಮಂಡಿಯೂ ನೆಟ್ಟಗಿಲ್ಲ.

"ಫೋನಿಟ್ಟು ಅತ್ತುಬಿಟ್ಟೆ," ಎನ್ನುತ್ತಾರೆ ವರ್ನಾ. "ಆ ಮಗು ಮೇಲಿನ ಕನಿಕರಕ್ಕೆ ಅಂದ್ಕೋಬೇಡಿ. ಸಿಟ್ಟಿಗೆ. ನನ್ನ ಜಾಗಕ್ಕೆ ಇನ್ನೊಬ್ಬರನ್ನ ಇಟ್ಟಿದ್ರೆ ನಿಶ್ಚಿಂತೆಯಿಂದ ಹೊರಟುಹೋಗ್ತಿದ್ದೆ. ಹೋಗೋ ಹಾಗೂ ಮಾಡಲಿಲ್ಲ, ಇರೋ ಹಾಗೂ ಮಾಡಲಿಲ್ಲ ಈ ರಾಜ್ಯ."

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ವೆಂಡಲ್ ಕಡುಬು ಕೊಡುವ ಮೊದಲೇ ಕೇಳಿದ. "ಏನಾಯ್ತು? ಇಷ್ಟು ವರ್ಷ ಇಲ್ಲೀತನಕ ಬಂದಿದೀಯ, ಇನ್ನೊಂದು ಹೆಜ್ಜೆ ಅಷ್ಟೇ ತಾನೆ?"

"ಆಗಲ್ಲ ಮಾರಾಯ."

"ಹುಚ್ಚಿ ಕಣೇ ನೀನು. ಆ ಕೆಂಟಕಿ ನಿಂಗೇನು ಕೊಟ್ಟಿದೆ?"

"ಬೆನ್ನುನೋವು," ಎಂದರು ವರ್ನಾ. "ಕಡುಬು ಕೊಡು, ಹೊತ್ತಾಯ್ತು."

ಅವನು ಕೊಟ್ಟ. ಅವತ್ತು ಎರಡು ಕೊಟ್ಟ. ಇಳಿಯುವ ದಾರಿಯುದ್ದಕ್ಕೂ ವರ್ನಾ ಆ ಕಾಗದ ಬಿಚ್ಚಲಿಲ್ಲ. ಕೈಗೆ ಬಂದದ್ದು ಬಾಯಿಗೆ ಬರದಂತೆ ತಾನೇ ಮಾಡಿಕೊಂಡೆನಲ್ಲ ಎಂಬ ಸಂಕಟ ಇವತ್ತಿಗೂ ಇದೆ, ಅದನ್ನವರು ಮುಚ್ಚಿಡುವುದಿಲ್ಲ. ವೆಂಡಲ್ ಜಾಗಕ್ಕೆ ಬರುವ ಹೊಸಬ ಅಂಗಳದಲ್ಲಿ ತಿರುಗಲು ಜಾಗ ಬಿಡುತ್ತಾನೋ ಇಲ್ಲವೋ ಎಂಬ ಚಿಂತೆ ಬೇರೆ.

ಕೊನೆಯ ಮಗುವನ್ನೂ ಶಾಲೆಯ ಬಾಗಿಲಲ್ಲಿ ಇಳಿಸಿದ ಮೇಲೆ ವರ್ನಾ ಸ್ಟೇರಿಂಗಿನ ಮೇಲೆ ಕೈಯೂರಿ ಕೂರುತ್ತಾರೆ. ಆಸೆ ಅಂತ ಏನಾದರೂ ಇದೆಯೇ ಎಂದು ಕೇಳಿದರೆ, ಮೊದಲು ಮುಂಗಾಜು ಕೆರೆಯುವ ಸಾಮಾನು ಎನ್ನುತ್ತಾರೆ. ಆಮೇಲೆ ಕಿಟಕಿಯಾಚೆ ನೋಡುತ್ತಾರೆ.

"ಒಂದು ದಿನ ಈ ಬಸ್ಸನ್ನ ಬೇರೆ ಯಾರಾದ್ರೂ ಓಡಿಸ್ಬೇಕು. ನಾನು ಮ್ಯಾಸಿ ಪಕ್ಕದಲ್ಲಿ ಕೂರ್ಬೇಕು. ಗಡಿ ಬಂದಾಗ ಎರಡೂ ಕಾಲೆತ್ತಿ ಏನಾದ್ರೂ ಕೇಳ್ಕೋಬೇಕು. ಇಷ್ಟು ವರ್ಷ ದಾಟಿದೀನಿ, ಒಂದು ಸಲನೂ ಎತ್ತಿಲ್ಲ ನೋಡಿ."

ವರ್ಜೀನಿಯಾಗೆ ದಾಟುವಾಗಲೇ?

ವರ್ನಾ ಬಸ್ಸನ್ನು ಗೇರಿಗೆ ಹಾಕುತ್ತಾರೆ.

"ಅಲ್ಲ. ವಾಪಸ್ ಬರೋವಾಗ."