ಕಣ್ಣು ಕೇಳಿದ ಸೋದರಳಿಯ

“ಅತ್ತೆ, ಮಾವನ ಕಣ್ಣು ಕೊಟ್ರೆ ಇಬ್ರಿಗೆ ದೃಷ್ಟಿ ಬರ್ತು,” ಎಂದ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುತ್ತಿದ್ದ ನನ್ನ ಅಣ್ಣನ ಮಗ. ಸಿರ್ಸಿಯ ಆಸ್ಪತ್ರೆಯಲ್ಲಿ ನಮ್ಮನೆಯವರ ಉಸಿರು ನಿಂತು ಅರೆಗಳಿಗೆಯಾಗಿತ್ತು. ಅರವತ್ತರ ದಶಕದಲ್ಲಿ ಅಂಥ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಕಣ್ಣಿಲ್ಲದೆ ಸುಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆಂದು ನಮ್ಮ ಕಡೆ ನಂಬಿದ್ದರು. ಊರಿನ ಕಣ್ಣಿನ ಶಿಬಿರಕ್ಕೆ ಬಂದಿದ್ದ ತನ್ನ ಗುರುಗಳ ಮುಂದೆ ಹೆಸರು ಗಳಿಸಲು ಇವನು ಕೇಳುತ್ತಿದ್ದಾನೆಂದು ನನಗೆ ಅನುಮಾನ ಬಂತು.

“ನಾಳೆ ನಿನ್ನ ಹೆತ್ತ ಆಯಿ ಹೋದ್ರೆ ಹಿಂಗೇ ಕಣ್ಣು ಕೊಡ್ತ್ಯನ ತಮಾ?” ಎಂದೆ.

ಅವನ ಕೈ ಜನಿವಾರಕ್ಕೆ ಹೋಯಿತು. “ಅಪ್ಪಯ್ಯ ಒಪ್ತ್ನಿಲ್ಲೆ ಅತ್ತೆ.”

“ಹಾಂಗಾದ್ರೆ ಆನೂ ಒಪ್ತ್ನಿಲ್ಲೆ,” ಎಂದುಬಿಟ್ಟೆ ನಾನು.

ಅಂದೇ ದಹನವಾಯಿತು. ಅವನು ‘ಕೊಡ್ತೆ’ ಎಂದಿದ್ದರೆ ನಾನೂ ಹೂಂ ಅನ್ನುತ್ತಿದ್ದೆನೇನೋ ಎಂದು ಮೊಮ್ಮಕ್ಕಳಿಗೆ ಹೇಳುತ್ತಿರುತ್ತೇನೆ.