ಗಬ್ಬು ಕೆರೆಯ ಬೆಲೆ

ಬಲಗಿವಿಯ ಹಿಂದೆ ಅಂಗೈ ಇಟ್ಟು, ಬಾಯಿ ಅರೆ ತೆರೆದು ನಮ್ಮ ಮೇಷ್ಟ್ರು ಮಾತು ಕೇಳಿಸಿಕೊಳ್ಳುತ್ತಿದ್ದರು. ಕಿವಿ ಮಂದ. ಯಂತ್ರ ಹಾಕಿಸಿಕೊಳ್ಳಿ ಅಂದರೆ, "ಆಮೇಲೆ ಜನ ದೂರದಲ್ಲೇ ನಿಂತು ಮಾತಾಡ್ತಾರೆ ಕಣಮ್ಮ" ಅನ್ನುತ್ತಿದ್ದರು. ವಿಜಯನಗರದ ಕಾಲೇಜಿನಲ್ಲಿ ನನಗೆ ಅರ್ಥಶಾಸ್ತ್ರ ಕಲಿಸಿದವರು. ಪರೀಕ್ಷೆಯಲ್ಲಿ ನಮ್ಮ ಪಿಸುಮಾತು ಮಾತ್ರ ಅದು ಹೇಗೋ ಅವರಿಗೆ ಕೇಳಿಸಿಬಿಡುತ್ತಿತ್ತು.

ಒಮ್ಮೆ ಲಗ್ಗೆರೆ ಕಡೆಯ ಕೆರೆಯೊಂದಕ್ಕೆ ಬೆಲೆ ಕಟ್ಟುವ ಕೆಲಸ ಸರ್ಕಾರದಿಂದ ಅವರಿಗೆ ಬಂತು. ಮನೆಮನೆಯ ಹೊಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು, "ಈ ಕೆರೆ ಉಳಿಸೋಕೆ ತಿಂಗಳಿಗೆ ಏನು ಕೊಡ್ತೀರಿ?" ಎಂದು ಕೇಳಿದರು. ಕೊಳಚೆ ಸೇರಿ ಗಬ್ಬು ನಾರುತ್ತಿದ್ದ ಕೆರೆ ಅದು. "ಮುಚ್ಚಾಕಿ ಸಾರ್, ಅದಕ್ಕೆ ಬೇಕಾದ್ರೆ ಕಾಸ್ ಕೊಡ್ತೀವಿ" ಅಂದರು ಜನ. ಜನರ ಲೆಕ್ಕದಲ್ಲಿ ಕೆರೆಯ ಬೆಲೆ ಸೊನ್ನೆ ಎಂದು ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು.

ಕೆಲವು ವರ್ಷಗಳ ಮೇಲೆ ಸುಂಕದಕಟ್ಟೆಯ ನಮ್ಮ ಕೆರೆ ಮುಚ್ಚಿ ರಸ್ತೆ ಮಾಡುವ ಯೋಜನೆ ಬಂತು. ನಮ್ಮದು ತಿಳಿನೀರಿನ ಕೆರೆ. ಗೌರಿಹಬ್ಬದ ದಿನ ಬೀದಿಯ ಹೆಂಗಸರೆಲ್ಲ ಅಲ್ಲಿಯ ಮಣ್ಣಿನಲ್ಲಿ ಗೌರಿ ಮಾಡಿ, ಸೋಬಾನೆ ಹೇಳುತ್ತ ಮನೆಗೆ ಕರೆತರುತ್ತಿದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ. ಮತ್ತೆ ಕೇಳುವ ಖರ್ಚು ಯಾಕೆಂದು, ಮೇಷ್ಟ್ರು ಬರೆದುಕೊಟ್ಟಿದ್ದ ಲಗ್ಗೆರೆಯ ಬೆಲೆಯನ್ನೇ ಅಧಿಕಾರಿಗಳು ನಮ್ಮ ಕೆರೆಗೂ ಹಚ್ಚಿದ್ದರು.

ವಿಷಯ ತಿಳಿಸಿದಾಗ ಮೇಷ್ಟ್ರು ನನ್ನ ಜೊತೆ ಅಹವಾಲು ಸಭೆಗೆ ಬಂದರು.

"ಅದು ಗಬ್ಬು ವಾಸನೆ ಕುಡಿದವರು ಹೇಳಿದ ಬೆಲೆ ಸಾರ್. ಇಲ್ಲಿನವರನ್ನ ಒಂದ್ಸಲ ಕೇಳಿ," ಎಂದರು ಮೇಷ್ಟ್ರು.

"ಲೆಕ್ಕ ನಿಮ್ದೇ ಅಲ್ವಾ ಸಾರ್?" ಅಧಿಕಾರಿ ನಕ್ಕರು. "ಅದೂ ಕೆರೆ, ಇದೂ ಕೆರೆ."

ಮೇಷ್ಟ್ರು ಕಿವಿಗೆ ಅಂಗೈ ಹಿಡಿದು, "ಏನಂದ್ರಿ?" ಎಂದರು. ಮೊದಲ ಸಲವೇ ಅವರಿಗೆ ಕೇಳಿಸಿತ್ತು. ಯಾರ ಮೇಲೆ ರೇಗಬೇಕೋ ತಿಳಿಯದೆ ನನಗೆ ಅಳು ಬಂತು.

ಮರುದಿನ ತಾವೇ ನಮ್ಮ ಬೀದಿಗೆ ಬಂದು ಕೇಳತೊಡಗಿದರು. ನಮ್ಮ ಅತ್ತೆ ಕೈಮುಗಿದುಬಿಟ್ಟರು.

"ಗೌರಮ್ಮನಿಗೆ ಬೆಲೆ ಕಟ್ಟೋಕೆ ನಾನ್ಯಾರಪ್ಪಾ?"

"ಏನಾದ್ರೂ ಹೇಳಿ ತಾಯಿ. ಹೇಳ್ದಿದ್ರೆ ಸೊನ್ನೆ ಅಂತ ಬರ್ಕೋತಾರೆ," ಮೇಷ್ಟ್ರು ಅಂಗಲಾಚಿದರು. ಯಾವ ಮನೆಯಲ್ಲೂ ಯಾರೂ ಹೇಳಲಿಲ್ಲ.

ಲಾರಿಗಳು ಕೆರೆಗೆ ಮಣ್ಣು ಸುರಿಯುತ್ತಿದ್ದ ದಿನಗಳಲ್ಲೇ ಮೇಷ್ಟ್ರು ತೀರಿಕೊಂಡರು. ನಮ್ಮ ಹೊಸಿಲಲ್ಲಿ ಕೂತು ನಮ್ಮನ್ನು ಕೇಳಿದವರು ಅವರೊಬ್ಬರೇ.

ಈ ಸಲ ಗೌರಿಗೆ ತುಳಸಿ ಕುಂಡದ ಮಣ್ಣು. ಮಣ್ಣು ಕಲಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಆವತ್ತು ಮೇಷ್ಟ್ರು ಕೇಳ್ದಾಗ, ಏನೋ ಒಂದು ಬೆಲೆ ಹೇಳ್ಬಿಡ್ಬೇಕಿತ್ತೇನೇ?"