ಸೊಸೆಯ ಹೆಸರಿನಲ್ಲಿ ಒಳಗೆ ಬಂದವರು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ವೈದ್ಯರು ಮನೆಯಿಂದ ರೋಗಿಗಳ ಕಡತ ನೋಡಬೇಕೆಂದರೆ ಅವಳು ನೋಡಿಕೊಳ್ಳುವ ಪ್ರಾಕ್ಸಿ ಎಂಬ ಕಾವಲು ಕಂಪ್ಯೂಟರನ್ನು ದಾಟಿಯೇ ಹೋಗಬೇಕು. ಪಾಸ್‌ವರ್ಡ್ ಕೇಳುವುದು, ಫೋನಿಗೆ ಅಂಕಿ ಕಳಿಸಿ ಪರೀಕ್ಷಿಸುವುದು ಎಲ್ಲ ಅದರದೇ ಕೆಲಸ. ಅದು ‘ಇವರು ನಮ್ಮವರು’ ಎಂದರೆ ಒಳಗಿನ ಸರ್ವರ್ ಮರುಮಾತಾಡದೆ ಒಪ್ಪಿಕೊಳ್ಳುತ್ತದೆ. ಅಂಕಿ ಮರೆತ ದೊಡ್ಡ ಡಾಕ್ಟರನ್ನೂ ಅವಳು ಮುಲಾಜಿಲ್ಲದೆ ಹೊರಗೆ ನಿಲ್ಲಿಸಿದ್ದುಂಟು.

ಆವತ್ತು ಬೆಳಿಗ್ಗೆ ಹನ್ನೊಂದಕ್ಕೆ ಒಳಬಂದವರ ಪಟ್ಟಿ ನೋಡುತ್ತಿದ್ದಳು. ಪಟ್ಟಿಯಲ್ಲಿ ಅವಳದೇ ಹೆಸರು! ಬಂದದ್ದು ಅವಳ ಮನೆಯಿಂದ. ಅವಳೋ ಇಲ್ಲೇ ಕುರ್ಚಿಯ ಮೇಲೆ ಕೂತಿದ್ದಾಳೆ.

ತಪ್ಪು ಯಾರದೆಂದು ಆ ಕ್ಷಣವೇ ಗೊತ್ತಾಗಿತ್ತು. ಆರು ವರ್ಷದ ಹಿಂದೆ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಕೆಲಸ. ಫೋನ್ ಹುಡುಕಿ ಅಂಕಿ ಒತ್ತಲು ಪುರುಸೊತ್ತಿಲ್ಲದೆ, ಮನೆಯ ಹಳೇ ಕಂಪ್ಯೂಟರಿನಿಂದ ಯಾರು ಬಂದರೂ ತಾನೇ ಎಂದು ನಂಬುವಂತೆ ಪ್ರಾಕ್ಸಿಗೆ ಒಂದು ಸಾಲು ಬರೆದಿದ್ದಳು. ನಾಳೆ ಅಳಿಸೋಣ ಎಂದುಕೊಂಡ ಆ ನಾಳೆ ಬರಲೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಕೆಲಸ ಹೋದರೂ ಹೋಗಬಹುದು.

ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಇದೇ ಆಸ್ಪತ್ರೆಯ ಕಡತಗಳನ್ನು ಮೂವತ್ತು ವರ್ಷ ಟೈಪ್ ಮಾಡಿ ನಿವೃತ್ತರಾದವರು. “ಊರಿಗೆಲ್ಲ ಬಾಗಿಲು ಕಾಯ್ತೀಯ, ನಮ್ಮನೆ ಚಿಲಕ ಹಾಕೋದು ಮಾತ್ರ ಮರೀತೀಯ” ಎಂದು ದಿನಾ ಛೇಡಿಸುವವರು. ಅವರು ತೆರೆದದ್ದು ಒಂದೇ ಕಡತ. ಪಟ್ಟಿಯಲ್ಲಿ ರೋಗಿಯ ಹೆಸರೂ ವಿಭಾಗವೂ ಕಾಣುತ್ತಿತ್ತು. ಹೆಸರು ಅತ್ತೆಯದೇ. ವಿಭಾಗ ಕ್ಯಾನ್ಸರಿನದು.

ಒಂದು ಗುಂಡಿ ಒತ್ತಿದರೆ ವರದಿ ಕಣ್ಣೆದುರಿಗೆ ಬರುತ್ತಿತ್ತು. ಒತ್ತಲಿಲ್ಲ. ಫೋನ್ ಮಾಡಿದಳು.

“ಅತ್ತೆ, ನನ್ನ ಹಳೇ ಕಂಪ್ಯೂಟರ್ ಮುಂದೆ ಕೂತಿದ್ದೀರಾ?”

“ಹೂಂ ಕಣೆ. ನಾಡಿದ್ದು ಮಗನ್ನ ಕರ್ಕೊಂಡು ಬನ್ನಿ, ಆಗ ಹೇಳ್ತೀವಿ ಅಂದ್ರು ಡಾಕ್ಟ್ರು. ಅಲ್ಲೀವರೆಗೂ ತಡ್ಕೊಳ್ಳೋಕಾಗ್ಲಿಲ್ಲ. ಅದು ಏನೂ ಕೇಳ್ಲಿಲ್ಲ, ತಾನಾಗೇ ತೆಗೀತು.”

“ಏನು ಬರೆದಿದೆ?”

“ನಿಂಗೆ ಕಾಣಲ್ವಾ?”

“ನಾನು ನೋಡ್ಲಿಲ್ಲ. ನೀವೇ ಹೇಳಿ.”

ಮೂವತ್ತು ವರ್ಷ ಬೇರೆಯವರ ಹೆಸರಿನ ಮುಂದೆ ಟೈಪ್ ಮಾಡಿದ್ದ ಆ ಪದವನ್ನು ಅತ್ತೆ ಮೊದಲ ಸಲ ತಮ್ಮ ಬಗ್ಗೆ ಹೇಳಿದರು.

ಬಾಗಿಲಕ್ಕ ಪ್ರಾಕ್ಸಿಯಲ್ಲಿದ್ದ ಆ ಸಾಲನ್ನು ಅಳಿಸಿದಳು. ತಪ್ಪು ತನ್ನದೆಂದು ಮೇಲಧಿಕಾರಿಗೆ ಬರೆದು ಕಳಿಸಿದಳು. ಚೀಲ ಹೆಗಲಿಗೇರಿಸಿದಾಗಲೂ ಫೋನ್ ಕಿವಿಯಲ್ಲೇ ಇತ್ತು.

“ಅತ್ತೆ, ಇನ್ನು ಆ ಕಡತ ನಿಮಗೆ ತೆಗೆಯಲ್ಲ. ಬಾಗಿಲು ಹಾಕ್ಬಿಟ್ಟೆ. ಬರ್ತಿದ್ದೀನಿ.”

“ಬಾ,” ಎಂದರು ಅತ್ತೆ. “ಮನೆ ಚಿಲಕ ನಾನೂ ಹಾಕಿಲ್ಲ.”